ಪುಟ್ಟ ಮಕ್ಕಳ ಜೊತೆ ಮೊದಲ ಕ್ಯಾಂಪಿಂಗ್: ಒಂದು ರಾತ್ರಿಗೆ ಏನು ಬೇಕು, ಏನು ಬೇಡ

"ಮಗಳಿಗೆ ನಾಲ್ಕು ವರ್ಷ, ಟೆಂಟ್‌ನಲ್ಲಿ ಮಲಗಿಸಬಹುದಾ?" "ಯಾವ ಟೆಂಟ್ ತಗೊಳ್ಳಲಿ?" "ಹಾವು ಬಂದ್ರೆ ಏನು ಮಾಡೋದು?" ದೀಪಾವಳಿ ಮುಗಿದು ಚಳಿ ಶುರುವಾಗುತ್ತಿದ್ದಂತೆ ಓದುಗರಿಂದ ಈ ಪ್ರಶ್ನೆಗಳು ಬರುತ್ತಲೇ ಇರುತ್ತವೆ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಮೊದಲೇ ಒಂದು ಮಾತು. ಮೊದಲ ಸಲ ಹೋಗುವುದು ಕಾಡು ನೋಡಲು ಅಲ್ಲ, ಜಲಪಾತ ನೋಡಲೂ ಅಲ್ಲ. ಮಕ್ಕಳು ಮನೆಯ ಹೊರಗೆ ಒಂದು ರಾತ್ರಿ ನೆಮ್ಮದಿಯಾಗಿ ನಿದ್ದೆ ಮಾಡಬೇಕು, ಅಷ್ಟೇ. ನಿದ್ದೆ ಸರಿಯಾದರೆ ಉಳಿದದ್ದೆಲ್ಲ ತಾನಾಗಿ ಸರಿಹೋಗುತ್ತದೆ. ನಿದ್ದೆ ಕೆಟ್ಟರೆ ಮಗು ಅಳುತ್ತದೆ, ನೀವು ರೇಗುತ್ತೀರಿ, ಗಂಡ ಹೆಂಡತಿ ಬೆಳಗ್ಗೆವರೆಗೂ ಮಾತು ಬಿಡುತ್ತೀರಿ. ಕೆಳಗೆ ಬರೆದದ್ದೆಲ್ಲ ಈ ಒಂದು ನಿದ್ದೆಯ ಸುತ್ತಲೇ ಸುತ್ತುತ್ತದೆ.

1. ಕಾಲ ಮತ್ತು ವಯಸ್ಸು

ನವೆಂಬರ್ ಕೊನೆಯಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಮಾರ್ಚ್ ಬಂತೆಂದರೆ ಬಯಲುಸೀಮೆಯಲ್ಲಿ ಮಧ್ಯಾಹ್ನ ಟೆಂಟ್ ಒಳಗೆ ಕೂರಲು ಆಗುವುದಿಲ್ಲ. ಏಪ್ರಿಲ್‌ನಲ್ಲಿ ಗುಡುಗು, ಸಿಡಿಲು, ಆಲಿಕಲ್ಲು. ಜೂನ್‌ನಿಂದ ಮಲೆನಾಡಿನಲ್ಲಿ ಮಳೆ ಮತ್ತು ಇಂಬಳ (ಕಾಲಿಗೆ ಹತ್ತಿ ರಕ್ತ ಹೀರುವ ನೆಲದ ಜಿಗಣೆ). ದೊಡ್ಡವರಿಗೆ ಅದೂ ಒಂದು ಮಜಾ. ಮೊದಲ ಸಲ ಬರುವ ಮಗುವಿಗೆ ಮಾತ್ರ ಬೇಡ.

ವಯಸ್ಸಿಗೆ ಕಟ್ಟುನಿಟ್ಟಾದ ನಿಯಮ ಏನಿಲ್ಲ. ಆದರೂ ಮೂರು ವರ್ಷ ತುಂಬಿದ ಮೇಲೆ ಸುಲಭ ಅನ್ನುವುದು ನನ್ನ ಅಭಿಪ್ರಾಯ. ಅಷ್ಟರಲ್ಲಿ "ಉಚ್ಚೆ ಬಂತು", "ಚಳಿ ಆಗ್ತಿದೆ" ಎಂದು ಮಗು ಬಾಯಿಬಿಟ್ಟು ಹೇಳುತ್ತದೆ. ಒಂದು ವರ್ಷದೊಳಗಿನ ಕೂಸಿದ್ದರೆ ಈ ಸಲ ರೂಮ್ ಇರುವ ಜಾಗವನ್ನೇ ನೋಡಿ. ಕೂಸಿನ ಮುಖದ ಮೇಲೆ ಸಡಿಲವಾದ ಕಂಬಳಿ ಬೀಳುವ ಅಪಾಯ ಇಕ್ಕಟ್ಟಾದ ಟೆಂಟ್‌ನಲ್ಲಿ ಜಾಸ್ತಿ.

2. ಜಾಗ ಹುಡುಕುವುದು

ಜಾಸ್ತಿ ಜನ ಎಡವುವುದು ಇಲ್ಲೇ. ಮೊಬೈಲ್‌ನಲ್ಲಿ ಯಾವುದೋ ಬೆಟ್ಟದ ತುದಿಯ ಟೆಂಟ್ ಫೋಟೊ ನೋಡಿ ಅಲ್ಲಿಗೇ ಹೊರಡುತ್ತಾರೆ. ನಮ್ಮ ರಾಜ್ಯದಲ್ಲಿ ಕಾಯ್ದಿಟ್ಟ ಅರಣ್ಯದಲ್ಲಾಗಲಿ ವನ್ಯಜೀವಿಧಾಮದಲ್ಲಾಗಲಿ ಇಷ್ಟ ಬಂದ ಕಡೆ ಟೆಂಟ್ ಹಾಕುವಂತಿಲ್ಲ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಒಳಗೆ ಹೋಗುವುದೇ ಅಪರಾಧ. ಕುದುರೆಮುಖ ಶಿಖರಕ್ಕೆ ಅನುಮತಿ ಪಡೆದು ಹತ್ತಿದರೂ ಸಂಜೆಯೊಳಗೆ ಇಳಿಯಲೇಬೇಕು, ರಾತ್ರಿ ಮೇಲೆ ಉಳಿಯಲು ಬಿಡುವುದಿಲ್ಲ. "ನಮಗೆ ಗಾರ್ಡ್ ಪರಿಚಯ ಇದ್ದಾರೆ, ಬನ್ನಿ" ಎನ್ನುವವರ ಜೊತೆ ಮಕ್ಕಳನ್ನು ಕರೆದುಕೊಂಡು ಹೋಗಲೇಬೇಡಿ.

ನಿಮ್ಮ ಮುಂದೆ ಮೂರು ದಾರಿ ಇವೆ.

ಮೊದಲನೆಯದು, ನೆಂಟರ ತೋಟ. ಅಜ್ಜಿ ಊರಿನ ಅಂಗಳ, ಚಿಕ್ಕಪ್ಪನ ತೆಂಗಿನ ತೋಟ, ಸ್ನೇಹಿತರ ಮಾವಿನ ತೋಪು, ಯಾವುದಾದರೂ ಸರಿ. ನನ್ನ ಪ್ರಕಾರ ಇದಕ್ಕಿಂತ ಒಳ್ಳೆಯ ಮೊದಲ ಕ್ಯಾಂಪ್ ಇಲ್ಲ. ನೀರು, ಶೌಚಾಲಯ ಎರಡೂ ಇರುತ್ತವೆ. ರಾತ್ರಿ ಎರಡು ಗಂಟೆಗೆ ಮಗು ಹಟ ಹಿಡಿದರೆ ಎತ್ತಿಕೊಂಡು ಮನೆಯೊಳಗೆ ಹೋಗಬಹುದು. ಒಂದು ಎಚ್ಚರ: ತೆಂಗಿನ ಮರದ ಬುಡದಲ್ಲಿ ಟೆಂಟ್ ಬೇಡ. ಕಾಯಿ ಬೀಳದಿದ್ದರೂ ಒಣಗಿದ ಗರಿ ಬಿದ್ದೇ ಬೀಳುತ್ತದೆ. ಕಣ, ಹುಲ್ಲಿನ ಬಣವೆ, ಸೌದೆ ರಾಶಿ ಇವುಗಳಿಂದಲೂ ದೂರ ಇರಿ. ಇಲಿ ಇದ್ದ ಕಡೆ ಹಾವು ಬರುತ್ತದೆ.

ಎರಡನೆಯದು, ಟೆಂಟ್ ಹಾಕಿಯೇ ಇಟ್ಟಿರುವ ಸರ್ಕಾರಿ ಕ್ಯಾಂಪ್. ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್ ಸಂಸ್ಥೆಗೆ ಕಾವೇರಿ ದಂಡೆಯ ಭೀಮೇಶ್ವರಿ, ಗಾಳಿಬೋರೆ, ಹೆಬ್ರಿ ಹತ್ತಿರದ ಸೀತಾನದಿ, ಕುದುರೆಮುಖದ ಭಗವತಿ, ದಾಂಡೇಲಿಯ ಕಾಳಿ ಮುಂತಾದ ಕಡೆ ಕ್ಯಾಂಪ್‌ಗಳಿವೆ. ಇಲ್ಲಿನ ಟೆಂಟ್ ಅಂದರೆ ಮಂಚ, ಹಾಸಿಗೆ ಇರುವ ದಪ್ಪ ಕ್ಯಾನ್‌ವಾಸ್ ಬಟ್ಟೆಯ ಕೋಣೆ. ಊಟವೂ ಅವರದೇ. ಖರ್ಚು ಜಾಸ್ತಿ, ಸಾಮಾನು ಕಡಿಮೆ. ಕಾಡು ನೋಡಲೇಬೇಕು ಅನ್ನುವವರಿಗೆ ಇದು ಸರಿ.

ಮೂರನೆಯದು, ಖಾಸಗಿ ಫಾರ್ಮ್ ಮತ್ತು ಕಾಫಿ ಎಸ್ಟೇಟ್ ಕ್ಯಾಂಪ್‌ಗಳು. ಕನಕಪುರ, ಚಿಕ್ಕಬಳ್ಳಾಪುರ, ಸಕಲೇಶಪುರ, ಚಿಕ್ಕಮಗಳೂರು ಕಡೆ ಬೇಕಾದಷ್ಟಿವೆ. ಒಳ್ಳೆಯವೂ ಇವೆ, ರಾತ್ರಿ ಒಂದರವರೆಗೆ ಡಿಜೆ ಹಾಕುವವೂ ಇವೆ. ಬುಕ್ ಮಾಡುವ ಮುಂಚೆ ಫೋನ್ ಮಾಡಿ ಹೀಗೆ ಕೇಳಿ:

- ಶೌಚಾಲಯ ಟೆಂಟ್‌ನಿಂದ ಎಷ್ಟು ಹೆಜ್ಜೆ? ರಾತ್ರಿ ದಾರಿಯಲ್ಲಿ ದೀಪ ಇರುತ್ತದಾ?
- ಕಾರು ಟೆಂಟ್ ಹತ್ತಿರದವರೆಗೆ ಬರುತ್ತದಾ, ಜೀಪಿನಲ್ಲಿ ಹೋಗಬೇಕಾ?
- ಹಾಡು ಎಷ್ಟು ಗಂಟೆಗೆ ನಿಲ್ಲಿಸುತ್ತೀರಿ? ಅವತ್ತು ಆಫೀಸ್ ಗುಂಪು ಏನಾದರೂ ಬರುತ್ತಿದೆಯಾ?
- ಆನೆ ಓಡಾಡುತ್ತವಾ?

ಕೊನೆಯ ಪ್ರಶ್ನೆಯನ್ನು ನಾಚಿಕೆ ಇಲ್ಲದೆ ಕೇಳಿ. ಸಕಲೇಶಪುರ, ಆಲೂರು, ಕೊಡಗು ಕಡೆ ಕಾಫಿ ತೋಟಗಳಿಗೆ ಆನೆ ಬರುವುದು ಮಾಮೂಲು. ಮಾಲೀಕರಿಗಿಂತ ಅಲ್ಲಿ ಕೆಲಸ ಮಾಡುವವರಿಗೆ ಇದು ಚೆನ್ನಾಗಿ ಗೊತ್ತಿರುತ್ತದೆ. "ಹೋದ ವಾರ ಬಂದಿತ್ತು" ಎಂದರೆ ಜಾಗ ಬದಲಿಸಿ.

ದೂರ ಎಷ್ಟಿರಬೇಕು? ಮನೆಯಿಂದ ಎರಡು, ಎರಡೂವರೆ ಗಂಟೆ ದಾರಿ ಸಾಕು. ಘಾಟಿ ರಸ್ತೆ ಸಿಗುವುದಾದರೆ ಹೊರಡುವಾಗ ಮಕ್ಕಳಿಗೆ ಹೊಟ್ಟೆ ತುಂಬ ಹಾಲು ಕುಡಿಸಬೇಡಿ, ತಿರುವಿನಲ್ಲಿ ಮೊಬೈಲ್ ಕೊಡಬೇಡಿ. ಒಂದೆರಡು ಪ್ಲಾಸ್ಟಿಕ್ ಕವರ್ ಕೈಗೆ ಸಿಗುವ ಹಾಗಿರಲಿ.

3. ಟೆಂಟ್

ಮೊದಲ ಸಲಕ್ಕೆ ಕೊಳ್ಳಬೇಡಿ. ಸ್ನೇಹಿತರಿಂದ ಕೇಳಿ ತನ್ನಿ, ಇಲ್ಲವೇ ಬಾಡಿಗೆಗೆ ತನ್ನಿ. ಬೆಂಗಳೂರಿನಲ್ಲಿ ಚಾರಣದ ಸಾಮಾನು ಬಾಡಿಗೆಗೆ ಕೊಡುವವರು ಇದ್ದಾರೆ. ಮಕ್ಕಳಿಗೆ ಇಷ್ಟವಾದ ಮೇಲೆ ಕೊಂಡರಾಯಿತು. ಆಗ ನೋಡಬೇಕಾದದ್ದು ಇಷ್ಟು.

*ಎಷ್ಟು ಜನರದ್ದು:* "4 ಜನರ ಟೆಂಟ್" ಎಂದು ಬರೆದಿದ್ದರೆ ನಾಲ್ಕು ಜನ ಭುಜಕ್ಕೆ ಭುಜ ತಾಗಿಸಿಕೊಂಡು ಮಲಗಬಹುದು ಎಂದರ್ಥ. ಬ್ಯಾಗಿಗೆ ಜಾಗ ಇರುವುದಿಲ್ಲ. ಇಬ್ಬರು ದೊಡ್ಡವರು, ಇಬ್ಬರು ಪುಟ್ಟವರಿಗೆ 4 ಜನರದ್ದು ಇಕ್ಕಟ್ಟಾಗಿ ಸಾಕಾಗುತ್ತದೆ. ಉರುಳಾಡುವ ಮಕ್ಕಳಿದ್ದರೆ ಒಂದು ಅಳತೆ ಮೇಲಿನದನ್ನೇ ನೋಡಿ.

*ವಾಟರ್ ಕಾಲಮ್:* ಬಟ್ಟೆ ಎಷ್ಟು ಎತ್ತರದ ನೀರಿನ ಒತ್ತಡ ತಡೆಯುತ್ತದೆ ಎನ್ನುವ ಲೆಕ್ಕ, ಮಿಲಿಮೀಟರ್‌ನಲ್ಲಿ ಬರೆದಿರುತ್ತಾರೆ. ನಮ್ಮ ಚಳಿಗಾಲದ ಅಕಾಲಿಕ ಮಳೆಗೆ 2000 ಮಿ.ಮೀ. ಸಾಕು.

*ರೈನ್‌ಫ್ಲೈ:* ಟೆಂಟಿನ ಮೇಲೆ ಹೊದಿಸುವ ಎರಡನೇ ಪದರ. ಮಳೆ ಇಲ್ಲದಿದ್ದರೂ ಹಾಕಿ, ಇಬ್ಬನಿ ತಡೆಯುತ್ತದೆ.

*ಹೊಲಿದ ತಳ:* ಟೆಂಟಿನ ಗೋಡೆ ಮತ್ತು ನೆಲ ಒಂದಕ್ಕೊಂದು ಹೊಲಿದಿರಬೇಕು, ಎಲ್ಲೂ ಸಂದು ಇರಬಾರದು. ಹಾವು, ಚೇಳಿನ ಭಯಕ್ಕೆ ಅರ್ಧ ಉತ್ತರ ಇದೇ.

4. ತಾರಸಿ ಮೇಲೆ ರಿಹರ್ಸಲ್

ಹೊರಡುವ ಹಿಂದಿನ ವಾರ ಟೆಂಟನ್ನು ತಾರಸಿ ಮೇಲೋ ಹಾಲ್‌ನಲ್ಲೋ ಹಾಕಿ. ಗುಮ್ಮಟದ ಆಕಾರದ ಟೆಂಟ್‌ಗೆ ಮೊಳೆ ಬೇಕಿಲ್ಲ, ಕೋಲುಗಳ ಮೇಲೆ ತಾನೇ ನಿಲ್ಲುತ್ತದೆ. ತಾರಸಿಯಲ್ಲಾದರೆ ಗಾಳಿಗೆ ಹಾರದಂತೆ ಒಳಗೆ ನಾಲ್ಕು ಮೂಲೆಗೂ ನೀರಿನ ಬಾಟಲ್ ಇಡಿ. ಮಕ್ಕಳ ಕೈಯಲ್ಲೇ ಕೋಲು ಜೋಡಿಸಿ. ಒಳಗಿರುವ ಎಲಾಸ್ಟಿಕ್ ದಾರಕ್ಕೆ ಕೋಲುಗಳು ಟಕ್ ಟಕ್ ಎಂದು ಕೂಡಿಕೊಳ್ಳುವುದನ್ನು ನೋಡಿದರೆ ಅವರಿಗೆ ಅದೇ ಆಟ.

ಆಮೇಲೆ ಒಂದು ರಾತ್ರಿ ಅದರಲ್ಲೇ ಎಲ್ಲರೂ ಮಲಗಿ. ಪಕ್ಕದ ಮನೆಯವರು ನಗುತ್ತಾರೆ, ನಗಲಿ. ಜಿಪ್ ಹಾಕಿದಾಗ ಮಗು ಹೆದರುತ್ತದಾ, ರಾತ್ರಿ ಎಷ್ಟು ಸಲ ಏಳುತ್ತದೆ, ಯಾವ ಹೊದಿಕೆ ಸಾಲುವುದಿಲ್ಲ, ಎಲ್ಲ ಅವತ್ತೇ ಗೊತ್ತಾಗುತ್ತದೆ. ಕೋಲು ಮುರಿದಿದೆಯಾ, ಮೊಳೆ ಕಡಿಮೆ ಇವೆಯಾ ಅನ್ನುವುದೂ. ಬಾಡಿಗೆ ಟೆಂಟ್‌ನಲ್ಲಿ ಇದು ತುಂಬ ಮುಖ್ಯ. ಈ ಹಂತ ಬಿಟ್ಟವರೇ ಆಮೇಲೆ ಕತ್ತಲಲ್ಲಿ ಮೊಬೈಲ್ ಟಾರ್ಚ್ ಹಿಡಿದು ಒದ್ದಾಡುವುದು.

5. ಹಾಸಿಗೆ, ಬಟ್ಟೆ

ಚಳಿ ಬರುವುದು ಮೇಲಿನಿಂದ ಅಲ್ಲ, ನೆಲದಿಂದ. ಎರಡು ಕಂಬಳಿ ಹೊದ್ದು ಕೆಳಗೆ ಒಂದು ತೆಳು ಬೆಡ್‌ಶೀಟ್ ಹಾಸಿದರೆ ಬೆಳಗಿನ ಜಾವ ನಡುಗುತ್ತೀರಿ. ಕೆಳಗೆ ದಪ್ಪ ಇರಲಿ: ಮೊದಲು ಫೋಮ್ ಮ್ಯಾಟ್ ಅಥವಾ ಯೋಗ ಮ್ಯಾಟ್, ಅದರ ಮೇಲೆ ಜಮಖಾನ, ಅದರ ಮೇಲೆ ಕೌದಿ. ಮಕ್ಕಳಿಗಾಗಿ ಸ್ಲೀಪಿಂಗ್ ಬ್ಯಾಗ್ ಕೊಳ್ಳುವ ಅಗತ್ಯವೇ ಇಲ್ಲ. ಮನೆಯ ಕೌದಿ, ದಿನಾ ಹೊದೆಯುವ ಹೊದಿಕೆ, ಅದೇ ದಿಂಬು ತನ್ನಿ. ಮನೆ ವಾಸನೆ ಇದ್ದರೆ ಮಕ್ಕಳಿಗೆ ಬೇಗ ನಿದ್ದೆ ಬರುತ್ತದೆ.

ಡಿಸೆಂಬರ್, ಜನವರಿಯಲ್ಲಿ ಚಿಕ್ಕಮಗಳೂರು, ಕೊಡಗಿನ ಎತ್ತರದ ಕಡೆ ರಾತ್ರಿ 10–12 ಡಿಗ್ರಿಗೆ ಇಳಿಯುವುದುಂಟು. ಒಂದು ದಪ್ಪ ಜಾಕೆಟ್‌ಗಿಂತ ಮೂರು ತೆಳು ಪದರ ವಾಸಿ. ಟೋಪಿ, ಕಾಲುಚೀಲ ಮರೆಯಬೇಡಿ. ಮಲಗುವ ಬಟ್ಟೆ ಬೇರೆಯೇ ಇರಲಿ, ಒಂದು ಪ್ಲಾಸ್ಟಿಕ್ ಕವರ್‌ನಲ್ಲಿ ಕಟ್ಟಿಟ್ಟು ರಾತ್ರಿವರೆಗೂ ತೆಗೆಯಬೇಡಿ. ಹಗಲೆಲ್ಲ ಆಡಿ ಬೆವೆತ ಬನಿಯನ್‌ನಲ್ಲೇ ಮಲಗಿದರೆ ಚಳಿ ದುಪ್ಪಟ್ಟಾಗುತ್ತದೆ.

6. ಊಟ, ನೀರು

ಒಲೆ ಹಚ್ಚಿ ಬಿರಿಯಾನಿ ಮಾಡುವ ಆಸೆ ಇದ್ದರೆ ಮುಂದಿನ ಸಲಕ್ಕೆ ಇಟ್ಟುಕೊಳ್ಳಿ. ಮಕ್ಕಳಿಗೆ ಹಸಿವಾದಾಗ ತಕ್ಷಣ ಕೈಗೆ ಕೊಡುವಂಥದ್ದು ಬೇಕು. ಮಧ್ಯಾಹ್ನಕ್ಕೆ ಚಪಾತಿ, ಪಲ್ಯ. ರಾತ್ರಿಗೆ ಪುಳಿಯೋಗರೆ, ಅದು ಕೆಡುವುದಿಲ್ಲ. ಮೊಸರನ್ನ ಬಿಸಿಲಲ್ಲಿ ಕಾರಿನಲ್ಲಿಟ್ಟರೆ ಸಂಜೆಗೆ ಹುಳಿ ಬರುತ್ತದೆ. ಬೆಳಗ್ಗೆಗೆ ಒಂದು ಉಪಾಯ ಇದೆ: ಮನೆಯಲ್ಲೇ ರವೆ ಹುರಿದು, ಒಗ್ಗರಣೆ ಬೆರೆಸಿ, ಆರಿಸಿ ಡಬ್ಬಿಗೆ ಹಾಕಿ. ಅಲ್ಲಿ ಬಿಸಿನೀರು ಕುದಿಸಿ ಸುರಿದು ಮುಚ್ಚಿಟ್ಟರೆ ಉಪ್ಪಿಟ್ಟು. ಬಾಳೆಹಣ್ಣು, ಹುರಿಹಿಟ್ಟು, ಕೋಡುಬಳೆ ಕೈಗೆ ಸಿಗುವ ಹಾಗಿರಲಿ.

ಕುಡಿಯಲು, ಅಡುಗೆಗೆ ತಲೆಗೆ 4–5 ಲೀಟರ್ ಲೆಕ್ಕ ಹಾಕಿ. 20 ಲೀಟರ್ ಕ್ಯಾನ್ ಒಂದನ್ನು ಕಾರಿನಲ್ಲಿ ಹಾಕಿಕೊಂಡರೆ ಮುಗಿಯಿತು. ಹಳ್ಳದ ನೀರು ಎಷ್ಟೇ ತಿಳಿಯಾಗಿ ಕಂಡರೂ ಮಕ್ಕಳಿಗೆ ಕುಡಿಸಬೇಡಿ.

ತಿಂಡಿಯನ್ನು ಟೆಂಟ್ ಒಳಗೆ ಇಡಬೇಡಿ. ಇರುವೆ, ಇಲಿ, ಮಂಗ ಎಲ್ಲವೂ ಹುಡುಕಿಕೊಂಡು ಬರುತ್ತವೆ. ಕಾರಿನ ಡಿಕ್ಕಿಯೇ ಅಡುಗೆಮನೆ.

7. ಔಷಧಿ ಡಬ್ಬಿ, ಹುಳ-ಹುಪ್ಪಟೆ

ಡಬ್ಬಿಯಲ್ಲಿ ಇವಿಷ್ಟು ಇರಲಿ: ನಿಮ್ಮ ಮಗುವಿನ ತೂಕಕ್ಕೆ ಡಾಕ್ಟರ್ ಬರೆದುಕೊಟ್ಟ ಅಳತೆಯ ಜ್ವರದ ಸಿರಪ್, ಓಆರ್‌ಎಸ್ ಪೊಟ್ಟಣ (ವಾಂತಿ ಭೇದಿಯಾದಾಗ ನೀರಿನಲ್ಲಿ ಕಲಸಿ ಕುಡಿಸುವ ಉಪ್ಪು ಸಕ್ಕರೆಯ ಪುಡಿ), ಥರ್ಮಾಮೀಟರ್, ಬ್ಯಾಂಡೇಜ್, ನಂಜುನಿರೋಧಕ ಮುಲಾಮು, ಚಿಮಟ, ಕತ್ತರಿ. ಓಆರ್‌ಎಸ್ ಕಲಸುವಾಗ ಪೊಟ್ಟಣದ ಮೇಲೆ ಬರೆದಷ್ಟೇ ನೀರು ಹಾಕಿ. ಅಂದಾಜಿನಲ್ಲಿ ಕಲಸಬೇಡಿ.

ಸೊಳ್ಳೆ. ಹಚ್ಚುವ ಕ್ರೀಮ್ ಸಾಕು. ಮಕ್ಕಳ ಅಂಗೈಗೆ, ಕಣ್ಣು ಬಾಯಿಯ ಹತ್ತಿರ ಹಚ್ಚಬೇಡಿ. ಟೆಂಟ್ ಒಳಗೆ ಸೊಳ್ಳೆ ಬತ್ತಿ ಹಚ್ಚಲೇಬಾರದು.

ಉಣುಗು. ಉಣ್ಣಿ ಎಂದೂ ಕರೆಯುತ್ತಾರೆ. ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಕಡೆ ಹೋಗುವವರು ಇದನ್ನು ಗಮನವಿಟ್ಟು ಓದಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಹರಡುವುದು ಉಣುಗಿನಿಂದ. ಕಾಯಿಲೆ ಜಾಸ್ತಿ ಕಾಣುವುದು ಡಿಸೆಂಬರ್‌ನಿಂದ ಮೇವರೆಗೆ, ಅಂದರೆ ಸರಿಯಾಗಿ ಕ್ಯಾಂಪಿಂಗ್ ಕಾಲದಲ್ಲೇ. ಹಾಗಾಗಿ ಆ ಕಡೆಯ ಕಾಡಂಚಿಗೆ ಹೋಗುವ ಮುಂಚೆ ಊರಿನವರನ್ನೋ ಆರೋಗ್ಯ ಕೇಂದ್ರದವರನ್ನೋ ಕೇಳಿ. ಆ ವರ್ಷ ಕಾಯಿಲೆ ಇದೆ ಎಂದರೆ ಬೇರೆ ಕಡೆ ಹೋಗಿ, ವಾದ ಬೇಡ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಿ. ತರಗೆಲೆಯ ಮೇಲೆ ಮಕ್ಕಳನ್ನು ಕೂರಿಸಬೇಡಿ. ಸಂಜೆ ಸ್ನಾನ ಮಾಡಿಸುವಾಗ ಕಿವಿಯ ಹಿಂದೆ, ಕಂಕುಳು, ತೊಡೆಸಂದಿ, ಕೂದಲ ಬುಡ ನೋಡಿ. ಉಣುಗು ಕಚ್ಚಿಕೊಂಡಿದ್ದರೆ ಚಿಮಟದಿಂದ ಚರ್ಮಕ್ಕೆ ತಾಗುವಷ್ಟು ಹತ್ತಿರ ಹಿಡಿದು ನೇರವಾಗಿ ಎಳೆಯಿರಿ. ಸೀಮೆಎಣ್ಣೆ ಹಾಕುವುದು, ಬೆಂಕಿ ತಾಗಿಸುವುದು ಬೇಡ. ಆಮೇಲೆ ಜ್ವರ ಬಂದರೆ ಕಾಡಿಗೆ ಹೋಗಿದ್ದ ವಿಷಯವನ್ನು ಡಾಕ್ಟರಿಗೆ ಹೇಳಲೇಬೇಕು.

ಹಾವು. ಕಟ್ಟುಹಾವು ರಾತ್ರಿ ಓಡಾಡುತ್ತದೆ, ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ, ಕಚ್ಚಿದ್ದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ಆದ್ದರಿಂದ ಬಯಲಲ್ಲಿ ಚಾಪೆ ಹಾಸಿ ನಕ್ಷತ್ರ ನೋಡುತ್ತಾ ಮಲಗುವುದು ಬೇಡ. ಟೆಂಟ್ ಒಳಗೆ, ಜಿಪ್ ಹಾಕಿ. ಜಿಪ್ ಹಗಲೂ ಮುಚ್ಚಿರಲಿ. ಹೊರಗೆ ಬಿಟ್ಟ ಶೂ ಕೊಡವಿ ಹಾಕಿಕೊಳ್ಳಿ. ಕಚ್ಚಿದರೆ ಗಾಯ ಕೊಯ್ಯುವುದು, ಬಾಯಲ್ಲಿ ಹೀರುವುದು, ಬಿಗಿಯಾಗಿ ಹಗ್ಗ ಕಟ್ಟುವುದು ಯಾವುದೂ ಬೇಡ. ಬಳೆ, ಕಾಲ್ಗೆಜ್ಜೆ ತೆಗೆಯಿರಿ. ಕಚ್ಚಿದ ಕೈಕಾಲು ಅಲುಗಾಡದಂತೆ ಇಟ್ಟುಕೊಂಡು ಮಗುವನ್ನು ಎತ್ತಿಕೊಂಡೇ ಆಸ್ಪತ್ರೆಗೆ ಹೊರಡಿ. 108ಕ್ಕೆ ಕರೆ ಮಾಡಿ. ಹಾವನ್ನು ಹುಡುಕುತ್ತಾ ಕೂರಬೇಡಿ. ಹತ್ತಿರದ ತಾಲ್ಲೂಕು ಆಸ್ಪತ್ರೆ ಎಲ್ಲಿದೆ, ಅಲ್ಲಿ ಹಾವಿನ ವಿಷಕ್ಕೆ ಇಂಜೆಕ್ಷನ್ ಇದೆಯಾ ಅನ್ನುವುದನ್ನು ಹೊರಡುವ ಮುಂಚೆಯೇ ತಿಳಿದಿರಿ. ಆ ದಾರಿಯ ಮ್ಯಾಪನ್ನು ಮೊಬೈಲ್‌ಗೆ ಇಳಿಸಿಕೊಳ್ಳಿ, ಸಿಗ್ನಲ್ ನಂಬಬೇಡಿ.

8. ತಲುಪಿದ ಮೇಲೆ

ಮಧ್ಯಾಹ್ನ 3ರೊಳಗೆ ತಲುಪಿ. ಡಿಸೆಂಬರ್‌ನಲ್ಲಿ 6ಕ್ಕೆಲ್ಲ ಸೂರ್ಯ ಮುಳುಗುತ್ತಾನೆ.

ಟೆಂಟ್ ಹಾಕುವ ಮೊದಲು ತಲೆ ಎತ್ತಿ ನೋಡಿ: ಒಣಗಿದ ಕೊಂಬೆ, ಜೇನುಗೂಡು, ವಿದ್ಯುತ್ ತಂತಿ ಇರಬಾರದು. ಆಮೇಲೆ ಕೆಳಗೆ ನೋಡಿ: ಇರುವೆ ಗೂಡು, ಹುತ್ತ, ತಗ್ಗು. ನೆಲ ಸ್ವಲ್ಪ ಇಳಿಜಾರಿದ್ದರೆ ತಲೆ ಎತ್ತರದ ಕಡೆ ಬರಲಿ. ಮೊಳೆಯನ್ನು ನೆಟ್ಟಗೆ ಹೊಡೆಯಬೇಡಿ, ತಲೆ ಟೆಂಟಿನಿಂದ ಆಚೆಗೆ ವಾಲುವ ಹಾಗೆ ಓರೆಯಾಗಿ ಹೊಡೆಯಿರಿ. ಕೆಳಗೆ ಹಾಸುವ ಟಾರ್ಪಾಲ್ ಟೆಂಟಿನ ತಳಕ್ಕಿಂತ ಹೊರಗೆ ಚಾಚಿಕೊಂಡಿದ್ದರೆ ಒಳಗೆ ಮಡಚಿ. ಇಲ್ಲದಿದ್ದರೆ ಮೇಲಿಂದ ಇಳಿದ ನೀರು ಅದರ ಮೇಲೆ ನಿಂತು ಹಾಸಿಗೆ ಕೆಳಗೆ ಬರುತ್ತದೆ. ಗೈ ಲೈನ್‌ಗೆ (ಟೆಂಟನ್ನು ಎಳೆದು ಕಟ್ಟುವ ಹಗ್ಗ) ಬಿಳಿ ಬಟ್ಟೆ ಚೂರು ಕಟ್ಟಿ. ಓಡುವ ಮಕ್ಕಳು ಮುಗ್ಗರಿಸುವುದು ಅದಕ್ಕೇ.

ಆಮೇಲೆ ಮಕ್ಕಳ ಕೈ ಹಿಡಿದು ಸುತ್ತ ನಡೆಯಿರಿ. ಇಲ್ಲಿವರೆಗೆ ಆಟ, ಇದರ ಆಚೆ ಇಲ್ಲ ಎಂದು ಮರವೋ ಬಂಡೆಯೋ ತೋರಿಸಿ. ಕುತ್ತಿಗೆಗೆ ಒಂದು ಸೀಟಿ ಹಾಕಿ: ನಾವು ಕಾಣದಿದ್ದರೆ ನಿಂತಲ್ಲೇ ನಿಂತು ಊದು.

ನೀರಿನ ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಕಾವೇರಿ ಮುತ್ತತ್ತಿ, ಸಂಗಮದ ಕಡೆ ಮೇಲ್ನೋಟಕ್ಕೆ ಶಾಂತ, ಒಳಗೆ ಸುಳಿ, ಜಾರುಬಂಡೆ, ಹೊಂಡ. ದಾಂಡೇಲಿ ಹತ್ತಿರ ಸೂಪಾ ಅಣೆಕಟ್ಟೆಯಿಂದ ನೀರು ಬಿಟ್ಟಾಗ ಕಾಳಿ ಏರುತ್ತದೆ. ಎರಡರಲ್ಲೂ ಮೊಸಳೆ ಇವೆ. ಪಾದ ನೆನೆಸುವುದಕ್ಕೂ ಕ್ಯಾಂಪ್‌ನವರು ತೋರಿಸಿದ ಜಾಗ ಬಿಟ್ಟು ಬೇರೆ ಕಡೆ ಬೇಡ. ಒಬ್ಬ ದೊಡ್ಡವರು ಮೊಬೈಲ್ ಕೆಳಗಿಟ್ಟು ನೋಡುತ್ತಿರಬೇಕು, ಮಗು ಕೈಗೆಟುಕುವಷ್ಟು ದೂರದಲ್ಲೇ ಇರಬೇಕು.

9. ರಾತ್ರಿ

7ಕ್ಕೆ ಊಟ ಮುಗಿಸಿ. ಬೆಂಕಿ ಹಾಕಲು ಅನುಮತಿ ಇರುವ ಜಾಗವಾದರೆ ಟೆಂಟ್‌ನಿಂದ ದೂರ, ಗಾಳಿ ಬೀಸುವ ದಿಕ್ಕು ನೋಡಿ ಹಾಕಿ. ಒಂದು ಕಿಡಿ ಸಾಕು, ಟೆಂಟಿನ ಬಟ್ಟೆ ಕರಗಿ ತೂತಾಗುತ್ತದೆ. ಮಲಗುವ ಮುಂಚೆ ನೀರು ಸುರಿದು, ಕೋಲಿನಿಂದ ಕೆದಕಿ, ಮತ್ತೆ ನೀರು ಸುರಿಯಿರಿ.

ಎಷ್ಟೇ ಚಳಿಯಾದರೂ ಕೆಂಡ, ಅಗ್ಗಿಷ್ಟಿಕೆ, ಗ್ಯಾಸ್ ಒಲೆ ಟೆಂಟ್ ಒಳಗೆ ತರಬೇಡಿ. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲೇ ಪ್ರಾಣ ಹೋಗುತ್ತದೆ. ಬೆಚ್ಚಗೆ ಬೇಕಿದ್ದರೆ ಬಿಸಿನೀರಿನ ಬಾಟಲಿಗೆ ಕಾಲುಚೀಲ ತೊಡಿಸಿ ಕಾಲ ಬಳಿ ಇಡಿ.

ಪ್ರತಿ ಮಗುವಿಗೂ ಒಂದು ಸಣ್ಣ ಟಾರ್ಚ್ ಕೊಡಿ. ಕತ್ತಲ ಹೆದರಿಕೆ ಅರ್ಧ ಹೋಗುತ್ತದೆ. ದೊಡ್ಡ ಟಾರ್ಚನ್ನು ನೀರು ತುಂಬಿದ ಬಿಳಿ ಬಾಟಲಿಗೆ ತಾಗಿಸಿ ಇಟ್ಟರೆ ಬೆಳಕು ಎಲ್ಲ ಕಡೆ ಹರಡಿ ರಾತ್ರಿ ದೀಪವಾಗುತ್ತದೆ. ಮಕ್ಕಳು ಮಧ್ಯೆ, ದೊಡ್ಡವರು ಎರಡು ಬದಿ. ಬಾಗಿಲಿಗೆ ಎರಡು ಜಿಪ್ ಇದ್ದರೆ ಎರಡನ್ನೂ ಮೇಲ್ಗಡೆ ಕೂಡಿಸಿ, ಪುಟ್ಟವರ ಕೈಗೆ ಎಟುಕದ ಹಾಗೆ. ನಿದ್ದೆಗಣ್ಣಲ್ಲಿ ಎದ್ದು ಹೊರಗೆ ಹೋಗುವ ಮಕ್ಕಳಿರುತ್ತಾರೆ. ಉಚ್ಚೆಗೆ ಮುಚ್ಚಳ ಇರುವ ಸಣ್ಣ ಬಕೆಟ್ ಒಂದನ್ನು ಬಾಗಿಲ ಬಳಿ ಇಡಿ, ರಾತ್ರಿ ಮೂರಕ್ಕೆ ನಡೆದು ಹೋಗುವುದು ತಪ್ಪುತ್ತದೆ.

ಗೂಬೆ ಕೂಗುತ್ತದೆ, ನಾಯಿ ಬೊಗಳುತ್ತದೆ, ತರಗೆಲೆ ಸದ್ದಾಗುತ್ತದೆ. "ಗುಮ್ಮ ಬಂದ" ಎಂದು ತಮಾಷೆಗೂ ಹೇಳಬೇಡಿ. ಯಾವ ಸದ್ದು ಯಾವುದರದ್ದು ಎಂದು ಮಲಗುವ ಮುಂಚೆಯೇ ಹೇಳಿಕೊಡಿ. ಮಗು ಅರ್ಧ ಗಂಟೆ ಅತ್ತರೂ ಸುಮ್ಮನಾಗದಿದ್ದರೆ ಕಾರಿನಲ್ಲೋ ರೂಮಿನಲ್ಲೋ ಮಲಗಿಸಿ. ಅದರಲ್ಲಿ ಸೋಲೇನಿಲ್ಲ.

10. ಬೆಳಗ್ಗೆ ಮತ್ತು ವಾಪಸ್

ಎದ್ದಾಗ ಟೆಂಟಿನ ಒಳಗೋಡೆ ಒದ್ದೆಯಾಗಿರುತ್ತದೆ. ಸೋರಿದ್ದಲ್ಲ ಅದು. ಎಲ್ಲರ ಉಸಿರಿನ ತೇವ ತಣ್ಣಗಿನ ಬಟ್ಟೆಗೆ ತಾಗಿ ನೀರಾಗಿದೆ. ಮೇಲಿನ ಗಾಳಿಕಿಂಡಿಗಳನ್ನು ರಾತ್ರಿ ತೆರೆದೇ ಇಟ್ಟರೆ ಕಡಿಮೆಯಾಗುತ್ತದೆ. ಚಳಿ ಅಂತ ಅದನ್ನು ಮುಚ್ಚುವವರೇ ಜಾಸ್ತಿ.

ತಿಂಡಿ ಮುಗಿಸಿ 10ರೊಳಗೆ ಹೊರಡಿ. ಡಯಾಪರ್, ಒದ್ದೆ ಟಿಶ್ಯೂ, ಪ್ಲಾಸ್ಟಿಕ್ ಎಲ್ಲವೂ ಕವರ್‌ನಲ್ಲಿ ನಿಮ್ಮ ಜೊತೆಯೇ ವಾಪಸ್ ಬರಬೇಕು. ಹೂತರೆ ನಾಯಿ ಅಗೆಯುತ್ತದೆ, ಸುಟ್ಟರೆ ಪೂರ್ತಿ ಸುಡುವುದಿಲ್ಲ. ಮೊಳೆ ಎಣಿಸುವ ಕೆಲಸ ಮಕ್ಕಳಿಗೆ ಕೊಡಿ, ಒಂದಾದರೂ ಹುಲ್ಲಿನಲ್ಲಿ ಉಳಿದಿರುತ್ತದೆ.

ಮನೆಗೆ ಬಂದ ದಿನವೇ ಟೆಂಟ್ ಬಿಚ್ಚಿ ತಾರಸಿಯ ಬಟ್ಟೆ ತಂತಿ ಮೇಲೆ ನೆರಳಲ್ಲಿ ಹರಡಿ. ತೇವ ಇದ್ದಂತೆಯೇ ಮಡಚಿಟ್ಟರೆ ಕೆಲವೇ ದಿನಕ್ಕೆ ಬೂಸ್ಟು ಹಿಡಿದು ನಾರುತ್ತದೆ. ಬಾಡಿಗೆಯದ್ದಾದರೆ ಠೇವಣಿಯಲ್ಲಿ ಹಿಡಿದುಕೊಳ್ಳುತ್ತಾರೆ. ಮಕ್ಕಳಿಗೆ ಬಿಸಿನೀರು ಸ್ನಾನ ಮಾಡಿಸುವಾಗ ಉಣುಗಿಗೆ ಇನ್ನೊಮ್ಮೆ ಮೈ ನೋಡಿ. ಬಟ್ಟೆಗಳನ್ನು ಹಾಸಿಗೆ ಮೇಲೆ ಹಾಕದೆ ನೇರವಾಗಿ ಒಗೆಯಲು ಹಾಕಿ.